ಹೆಪ್ಪು, ಮುಟ್ಟಬೇಡಿ

ನಮ್ಮ ಫ್ರಿಜ್ಜಿನ ಎರಡನೇ ಅಂತಸ್ತಿನಲ್ಲಿ, ಬೆಣ್ಣೆ ಡಬ್ಬಿಗೂ ಕರಿಬೇವಿನ ಕವರಿಗೂ ನಡುವೆ, ಉಪ್ಪಿನಕಾಯಿಯ ಹಳೇ ಗಾಜಿನ ಬಾಟಲಿಯೊಂದು ಕೂತಿದೆ. ಅದರ ಹೊಟ್ಟೆಯ ಮೇಲೆ ನನ್ನದೇ ದುಂಡಕ್ಷರದಲ್ಲಿ ಬರೆದು ಅಂಟಿಸಿದ ಚೀಟಿ: ‘ಹೆಪ್ಪು, ಮುಟ್ಟಬೇಡಿ’. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಬೋರ್ಡಿನ ಮೇಲೆ ನಾನು ಬರೆದದ್ದೆಲ್ಲ ನಿಜವೆಂದು ಮಕ್ಕಳು ನಂಬಿ ನೋಟ್ಸ್ ಇಳಿಸಿಕೊಳ್ಳುತ್ತಿದ್ದರು. ಆದರೆ ಈ ಚೀಟಿಯಲ್ಲಿರುವ ಎರಡು ಮಾತುಗಳಲ್ಲಿ ಮೊದಲನೆಯದು ಸುಳ್ಳು, ಎರಡನೆಯದನ್ನು ಮನೆಯಲ್ಲಿ ಯಾರೂ ಪಾಲಿಸಲಿಲ್ಲ. ಬೆಳಿಗ್ಗೆ ಹಾಲು ತೆಗೆಯಲು ಬಾಗಿಲು ತೆರೆದಾಗ ಅದು ಕಣ್ಣಿಗೆ ಬಿದ್ದರೆ ಈಗಲೂ ನನಗೆ ಕಿವಿ ಬಿಸಿಯಾಗುತ್ತದೆ.

ಬಾಟಲಿಯೊಳಗೆ ಇರುವುದು ಮೊಸರಿನ ಹೆಪ್ಪಲ್ಲ, ಬಿಯರ್ ಮಾಡುವ ಕಾಡು ಯೀಸ್ಟು.

ನೀವು ಹುಬ್ಬೇರಿಸಿದ್ದು ಇಲ್ಲಿಂದಲೇ ಕಾಣಿಸಿತು. ದುರ್ಗಿಗುಡಿಯ ರಿಟೈರಾದ ಟೀಚರಮ್ಮ ಅಡುಗೆಮನೆಯಲ್ಲಿ ಬಿಯರ್ ಕಾಯಿಸುತ್ತಾಳೆಂದರೆ ನನಗೂ ಒಮ್ಮೊಮ್ಮೆ ನಂಬಿಕೆ ಬರುವುದಿಲ್ಲ. ಕುಡಿಯುವುದು ನನ್ನ ಚಾಳಿಯಲ್ಲ, ಎರಡು ಗುಟುಕಿಗೆ ಮೂರನೆಯದು ಬೇಡ ಎನಿಸುತ್ತದೆ. ಆದರೆ ಹುದುಗುವಿಕೆಯ ಪಾಠವನ್ನು ಮೂವತ್ತು ವರ್ಷ ಮಾಡಿದ್ದೇನೆ. ಸಕ್ಕರೆ ನೀರಿಗೆ ಅಂಗಡಿಯ ಯೀಸ್ಟ್ ಹಾಕಿ, ಬಾಟಲಿಯ ಬಾಯಿಗೆ ಬಲೂನು ಕಟ್ಟಿ, ಅದು ಉಬ್ಬಿದಾಗ ಮಕ್ಕಳು ‘ಹೋ’ ಎಂದು ಕೂಗುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಆಮೇಲೆ ಅದನ್ನು ಸಿಂಕಿಗೆ ಚೆಲ್ಲಿ ಬರುವುದು ನನ್ನ ಕೆಲಸ. ಆ ಪಾಠವನ್ನು ಒಮ್ಮೆಯಾದರೂ ಕೊನೆತನಕ ಮಾಡಿ ಮುಗಿಸಬೇಕು ಎನ್ನುವ ಆಸೆ ರಿಟೈರಾದ ಮೇಲೂ ಉಳಿದುಕೊಂಡಿತ್ತು. ಕಾಯ್ದೆ ಇದಕ್ಕೆ ಏನನ್ನುತ್ತದೋ ಕೇಳಿ ತಿಳಿಯುವ ಧೈರ್ಯ ಮಾತ್ರ ನನಗೆ ಇನ್ನೂ ಬಂದಿಲ್ಲ.

ಬಿಯರುಗಳಲ್ಲಿ ಸೇಸಾನ್ ಎಂಬ ಒಂದು ಜಾತಿ ಇದೆಯೆಂದು ಓದಿದಾಗ ಮನಸ್ಸು ಅಲ್ಲೇ ನಿಂತುಬಿಟ್ಟಿತು. ಫ್ರೆಂಚರ ಭಾಷೆಯಲ್ಲಿ ಅದಕ್ಕೆ ಋತು ಎಂದು ಅರ್ಥವಂತೆ. ಹೊಲದ ಕೆಲಸ ಕಡಿಮೆ ಇರುವ ಕಾಲದಲ್ಲಿ ರೈತರ ಮನೆಗಳಲ್ಲೇ ಮಾಡಿಟ್ಟು, ಸುಗ್ಗಿಯ ಕಾಲದಲ್ಲಿ ಕೆಲಸದಾಳುಗಳ ದಾಹಕ್ಕೆ ಹೊಲಕ್ಕೇ ಹೊತ್ತುಕೊಂಡು ಹೋಗುತ್ತಿದ್ದರಂತೆ. ಬೇರೆ ಬಿಯರುಗಳಿಗೆ ತಂಪು ಬೇಕು, ಇದಕ್ಕೆ ಸೆಕೆಯೇ ಹಿತ. ಶಿವಮೊಗ್ಗದ ಮೇ ತಿಂಗಳಲ್ಲಿ ಸೆಕೆಗೆ ಬರವೇ? ಈ ಹೆಸರನ್ನು ನಮ್ಮವರಿಗೆ ಹೇಳಿದಾಗ ಪೇಪರಿನಿಂದ ತಲೆ ಎತ್ತದೆ, “ಸೀಸನ್ನಾ? ಅಡಿಕೆ ಸೀಸನ್ ಮುಗಿದು ಎಷ್ಟು ದಿನ ಆಯ್ತು!” ಎಂದರು. ನಮ್ಮವರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಕಣ್ಣಿಗೆ ಕಂಡದ್ದನ್ನು ಬಲು ಚೆನ್ನಾಗಿ ನೋಡುತ್ತಾರೆ, ಕಿವಿಗೆ ಬಿದ್ದದ್ದರಲ್ಲಿ ಅರ್ಧ ಬಿಡುತ್ತಾರೆ.

ಬಾರ್ಲಿ ಮಾಲ್ಟು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಕೊರಿಯರಿನಲ್ಲಿ ಬಂತು. ಮೂಟೆ ಇಳಿಸಿದವನು, “ಹಸುಗೆ ಹಾಕೋದಾ ಮೇಡಂ?” ಎಂದು ಕೇಳಿದ. ಹೂಂ ಎಂದೆ. ಈ ಕಥೆಯ ಲೆಕ್ಕದಲ್ಲಿ ಇದು ನನ್ನ ಎರಡನೇ ಸುಳ್ಳು. ಮೊದಲನೆಯದು ಇನ್ನೂ ಹಳೆಯದು, ಅದನ್ನು ಹೇಳಲಿಕ್ಕೇ ಇಷ್ಟು ದೂರ ನಿಮ್ಮನ್ನು ಕರೆದುಕೊಂಡು ಬಂದಿದ್ದೇನೆ.

ಅದಕ್ಕೆ ಮೊದಲು ಅಕ್ಕನ ವಿಷಯ ಹೇಳಬೇಕು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಭದ್ರಾವತಿಯ ಕಾರ್ಖಾನೆ ಕೆಲಸದವರಿಗೆ ಮದುವೆಯಾಗಿ ಹೋದವಳು ಅಲ್ಲಿಯೇ ಮಗ ಸೊಸೆ ಮೊಮ್ಮಕ್ಕಳ ಜೊತೆ ಇದ್ದಾಳೆ. ಜಗತ್ತಿನ ಯಾವ ವಸ್ತುವಿಗೂ ಅಕ್ಕ ಕೊಡುವ ಅತಿ ದೊಡ್ಡ ಬಹುಮಾನವೆಂದರೆ ‘ಪರವಾಗಿಲ್ಲ’. ನನ್ನ ಸಾರು ಪರವಾಗಿಲ್ಲ, ನಾನು ಕಟ್ಟಿಸಿದ ಮನೆ ಪರವಾಗಿಲ್ಲ. ನನಗೆ ನೋಡಿದ ಗಂಡು ಹೇಗಿದ್ದಾನೆ ಎಂದು ಅಪ್ಪ ಕೇಳಿದಾಗಲೂ ಅದನ್ನೇ ಹೇಳಿದಳಂತೆ. ನಮ್ಮವರು ಆ ಮಾತನ್ನು ಇನ್ನೂ ಮರೆತಿಲ್ಲ.

ಅದೇ ಪದಕ್ಕೆ ಅವಳ ಬಾಯಲ್ಲಿ ಇನ್ನೊಂದು ಅರ್ಥವೂ ಇತ್ತು. ಹೊಳಲೂರಿನಲ್ಲಿ ನಮ್ಮದು ಒಂದಿಷ್ಟು ಗದ್ದೆ. ನಾಟಿಯ ದಿನಗಳಲ್ಲಿ ಅಮ್ಮ ಹಿಂದಿನ ರಾತ್ರಿಯೇ ರಾಗಿ ಅಂಬಲಿ ಕಾಯಿಸಿ ಗಡಿಗೆಯಲ್ಲಿ ಹುಳಿಗಿಡುತ್ತಿದ್ದಳು. ಬೆಳಿಗ್ಗೆ ಅದಕ್ಕೆ ಮಜ್ಜಿಗೆ ಬೆರೆಸಿ, ಉಪ್ಪು, ಈರುಳ್ಳಿ ಹಾಕಿ, ನಾಟಿ ಹೆಂಗಸರಿಗೆ ಕೊಟ್ಟು ಬರಲು ನಮ್ಮಿಬ್ಬರನ್ನು ಕಳಿಸುತ್ತಿದ್ದಳು. ಬದುವಿನ ಮೇಲೆ ಒಂದು ನೇರಳೆ ಮರ, ಅದರ ನೆರಳಲ್ಲಿ ಗಡಿಗೆ ಇಳಿಸುವುದು. ಒಂದು ದಿನ ನಾನೇ ಹೊರುತ್ತೇನೆ ಎಂದು ಹಟ ಮಾಡಿ, ಸರಿಯಾಗಿ ಆ ಮರದ ಬೇರು ಎಡವಿ, ಅಷ್ಟೂ ಅಂಬಲಿಯನ್ನು ಭೂತಾಯಿಗೆ ಅರ್ಪಿಸಿದೆ. ಹತ್ತು ಜನ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ನೋಡುತ್ತಿದ್ದರು. ಅಕ್ಕ ನನ್ನ ಮೊಣಕಾಲಿನ ಕೆಸರು ಒರೆಸಿ, “ಪರವಾಗಿಲ್ಲ, ಅಳ್ಬೇಡ” ಎಂದಳು. ಮನೆಗೆ ಹೋಗಿ ತಾನೇ ಬೀಳಿಸಿದೆ ಎಂದು ಹೇಳಿ ಅಮ್ಮನ ಕೈಲಿ ಬೈಸಿಕೊಂಡಳು. ಆಗ ನನಗೆ ಎಂಟು ವರ್ಷ, ಅವಳಿಗೆ ಹನ್ನೆರಡು.

ಅಮ್ಮ ಕೊನೆಯ ವರ್ಷಗಳನ್ನು ನಮ್ಮ ಮನೆಯಲ್ಲೇ ಕಳೆದಳು. ಬರುವಾಗ ತಂದದ್ದು ನಾಲ್ಕು ಸೀರೆ, ಒಂದು ಹೆಪ್ಪಿನ ಬಟ್ಟಲು. ಆ ಹೆಪ್ಪು ಅವಳ ಅತ್ತೆಯದಂತೆ, ಅವರಿಗೆ ಯಾರು ಕೊಟ್ಟರೋ ಕೇಳಿದವರಿಲ್ಲ. ಅಮ್ಮ ಹೋದ ಮೇಲೆ ಸೀರೆಗಳನ್ನು ಹಂಚಿಕೊಂಡೆವು. ಹೆಪ್ಪು ನನ್ನ ಮನೆಯಲ್ಲಿಯೇ ಉಳಿಯಿತು. ಅಕ್ಕ ಎರಡು ತಿಂಗಳಿಗೊಮ್ಮೆ, ಕೆಲವು ಸಲ ತಿಂಗಳಿಗೇ, ವೈರ್ ಬುಟ್ಟಿಯಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡು ಭದ್ರಾವತಿಯಿಂದ ಬಸ್ಸು ಹತ್ತಿ ಬರುತ್ತಿದ್ದಳು. “ನಂದು ಹುಳಿ ಆಗೈತೆ, ಅಮ್ಮಂದು ಒಂದ್ ಚಮಚ ಹಾಕು” ಎನ್ನುತ್ತಿದ್ದಳು. ಊಟ ಮಾಡಿ, ನನ್ನ ಸಾರಿಗೆ ಪರವಾಗಿಲ್ಲ ಕೊಟ್ಟು, ಡಬ್ಬಿ ತುಂಬಿಸಿಕೊಂಡು ಸಂಜೆಯ ಬಸ್ಸಿಗೆ ಹೊರಡುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ನಾನೂ ನಮ್ಮವರೂ ಹತ್ತು ದಿನ ಯಾತ್ರೆ ಹೋಗಿದ್ದೆವು. ಹೊರಡುವಾಗ ಮನೆಯ ಸ್ವಿಚ್ಚುಗಳನ್ನೆಲ್ಲ ಜವಾಬ್ದಾರಿಯಿಂದ ಆರಿಸಿದವಳು ನಾನೇ, ಫ್ರಿಜ್ಜಿನದನ್ನೂ ಸೇರಿಸಿ. ತಿರುಗಿ ಬಂದು ಬಾಗಿಲು ತೆಗೆದರೆ ಅಮ್ಮನ ಬಟ್ಟಲಿನಲ್ಲಿ ಹಸಿರು, ಕಪ್ಪು, ಗುಲಾಬಿ ಬೂಸ್ಟು. ನಮ್ಮವರು ಬಣ್ಣ ಮಾತ್ರ ಚೆನ್ನಾಗಿದೆ ಎಂದರು. ನನಗೆ ಅಳು ಬಂತು. ಮಾರನೇ ದಿನವೇ ಅಕ್ಕ ಬರುವವಳಿದ್ದಳು. ಪಕ್ಕದ ಮನೆಗೆ ಬೇರೊಂದು ಬಟ್ಟಲು ಹಿಡಿದು ಓಡಿದೆ. ಆ ಮನೆಯಾಕೆ ಬಾಗಿಲಲ್ಲೇ ನಿಂತು, “ದೀಪ ಹಚ್ಚಾಯ್ತಲ್ಲ ಮೇಡಂ, ಬೆಳಿಗ್ಗೆ ಕೊಡ್ತೀನಿ” ಎಂದಳು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆನ್ನುವುದು ನನಗೂ ಗೊತ್ತು. ಬೇರೆ ದಿನವಾದರೆ ನಾನೂ ಕೊಡುತ್ತಿರಲಿಲ್ಲ. ಅಂಗಡಿಗೆ ಹೋಗಿ ಪ್ಯಾಕೆಟ್ ಮೊಸರು ತಂದು, ಅಮ್ಮನ ಬಟ್ಟಲನ್ನು ಉಜ್ಜಿ ತೊಳೆದು, ಅದರಲ್ಲಿ ಹಾಲಿಗೆ ಹೆಪ್ಪು ಹಾಕಿದೆ. ಮಾರನೇ ದಿನ ಅಕ್ಕ ಅದರಿಂದಲೇ ಒಂದು ಚಮಚ ಒಯ್ದಳು.

ಒಯ್ದವಳು ಮಾರನೇ ರಾತ್ರಿ ಫೋನು ಮಾಡಿ, “ಅಮ್ಮನ ಕೈ ರುಚಿ ಹಂಗೇ ಐತೆ ನೋಡು” ಎಂದಳು. ಅವಳ ಪಕ್ಕದ ಮನೆಯ ತಮಿಳು ಅಮ್ಮನಂತೂ ‘ತಯಿರ್ ಸೂಪರ್’ ಎಂದು ಮೊಸರನ್ನು ಹೊಗಳಿ ತಾನೂ ಒಂದು ಚಮಚ ಒಯ್ದಳಂತೆ. ಹೀಗೆ ನನ್ನ ಸುಳ್ಳು ಭಾಷೆಯ ಗಡಿಯನ್ನೂ ದಾಟಿತು.

ಇದರಲ್ಲಿ ಅಂಥದ್ದೇನು ಎಂದು ನೀವು ಕೇಳಬಹುದು. ಮೊಸರಿನ ಜೀವಾಣುಗಳಿಗೆ ಕುಲಗೋತ್ರವಿಲ್ಲ, ಪ್ರತಿದಿನದ ಹಾಲಿನೊಡನೆ ಅವು ಬದಲಾಗುತ್ತಲೇ ಇರುತ್ತವೆ ಎಂದು ನಾನೂ ನನಗೆ ಪಾಠ ಮಾಡಿಕೊಂಡೆ. ಆದರೆ ಒಂದು ವಿಷಯಕ್ಕೆ ನನ್ನ ವಿಜ್ಞಾನದಲ್ಲಿ ಉತ್ತರವಿರಲಿಲ್ಲ. ಅವತ್ತು ನಾನು ಬಾಯಿಬಿಟ್ಟು ಹೇಳಿದ್ದರೆ, ಅಕ್ಕನ ಮನೆಯಲ್ಲಿ ಹುಳಿಯೋ ಪಳಿಯೋ ಅಮ್ಮನ ಹೆಪ್ಪು ಇನ್ನೂ ಇತ್ತು. ಅಲ್ಲಿಂದ ಒಂದು ಚಮಚ ತಂದಿದ್ದರೆ ಮುಗಿಯುತ್ತಿತ್ತು. ನಾನು ನಾಚಿಕೆಗೆ ಸುಮ್ಮನಿದ್ದೆ, ಅವಳು ನನ್ನನ್ನು ನಂಬಿ ತನ್ನದನ್ನು ಚೆಲ್ಲಿ ನನ್ನದನ್ನು ಹಾಕಿಕೊಂಡಳು. ಫ್ರಿಜ್ಜು ಆರಿಸಿದ್ದು ತಪ್ಪು, ಆದರೆ ಅಮ್ಮನ ಹೆಪ್ಪನ್ನು ನಿಜವಾಗಿ ಮುಗಿಸಿದ್ದು ನನ್ನ ಬಾಯಿ. ಅಕ್ಕ ಪ್ರತಿ ಸಲ ಡಬ್ಬಿ ಮುಂದೆ ಹಿಡಿದಾಗಲೂ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ನಿಲ್ಲುತ್ತಿದ್ದೆ, ಉಗುಳಲೂ ಆಗದು, ನುಂಗಲೂ ಆಗದು. ನಾಲ್ಕು ವರ್ಷ ಹೀಗೇ ಕಳೆಯಿತು.

ಇನ್ನು ಬಿಯರಿಗೆ ಬರೋಣ. ಯೀಸ್ಟನ್ನು ಅಂಗಡಿಯಿಂದ ತಂದರೆ ಅದು ಹಳೇ ಬಲೂನಿನ ಪಾಠವೇ ಆಯಿತು, ಕಾಡು ಯೀಸ್ಟೇ ಹಿಡಿಯಬೇಕು ಎಂದು ಹಟ ಹುಟ್ಟಿತು. ಹಣ್ಣಿನ ಸಿಪ್ಪೆಯ ಮೇಲೆ, ಹೂವಿನಲ್ಲಿ, ಗಾಳಿಯಲ್ಲಿ ಅದು ಇದ್ದೇ ಇರುತ್ತದೆ. ಮಾಲ್ಟಿನ ಸಿಹಿನೀರನ್ನು ಮೂರು ಬಾಟಲಿಗೆ ಹಾಕಿದೆ. ಒಂದಕ್ಕೆ ಆಲ್ಕೊಳ ಸರ್ಕಲ್ಲಿನ ಬಂಡಿಯಲ್ಲಿ ಕೊಂಡ ದ್ರಾಕ್ಷಿ. ಇನ್ನೊಂದಕ್ಕೆ ಬಟ್ಟೆ ಕಟ್ಟಿ ಕಿಟಕಿಯಲ್ಲಿಟ್ಟೆ. ಮೂರನೆಯದಕ್ಕೆ ಹೊಳಲೂರಿನ ನೆಂಟರ ಗೃಹಪ್ರವೇಶಕ್ಕೆ ಹೋದಾಗ ನಮ್ಮ ಹಳೇ ಗದ್ದೆ ಬದುವಿನಿಂದ ಆರಿಸಿ ತಂದ ನೇರಳೆ ಹಣ್ಣು. ದ್ರಾಕ್ಷಿಯದು ಉಗುರುಬಣ್ಣದ ವಾಸನೆ ಹೊಡೆಯಿತು. ಕಿಟಕಿಯದಕ್ಕೆ ಬೂಸ್ಟು ಬಂತು, ಅದನ್ನು ನೋಡಿ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ. ನೇರಳೆಯದು ಮಾತ್ರ ನಾಲ್ಕನೇ ದಿನ ಗುಳುಗುಳು ಎನ್ನತೊಡಗಿತು, ಒಂದಿಷ್ಟು ಮೆಣಸು, ಒಂದಿಷ್ಟು ಹಣ್ಣು, ಒಂದಿಷ್ಟು ಹುಳಿ ಕಲಸಿದಂಥ ಘಮ. ಆ ಸಂತೋಷ ಒಂದೇ ದಿನದ್ದು. ಮಾರನೇ ಬೆಳಿಗ್ಗೆ ನಮ್ಮವರು, “ದೋಸೆ ಹಿಟ್ಟು ಹಳಸಿತ್ತು, ಚೆಲ್ಲಿದೆ” ಎಂದು ತೊಳೆದ ಬಾಟಲಿಯನ್ನು ಹೆಮ್ಮೆಯಿಂದ ಕೈಗಿಟ್ಟರು. ಮದುವೆಯಾದ ಮೇಲೆ ಅವರು ತೊಳೆದ ಮೊದಲ ಪಾತ್ರೆ ಅದು.

ಪುಣ್ಯಕ್ಕೆ ನಾಲ್ಕು ಹಣ್ಣು ಉಳಿದಿದ್ದವು. ಮತ್ತೆ ಬೆಳೆಸಿದೆ. ಈ ಸಲ ಚೀಟಿ ಅಂಟಿಸಲೇಬೇಕಾಯಿತು. ಯೀಸ್ಟ್ ಎಂದು ಬರೆದರೆ ಬಂದುಹೋಗುವವರು ಪ್ರಶ್ನೆ ಕೇಳುತ್ತಾರೆ. ಕನ್ನಡದ ಮನೆಯಲ್ಲಿ ಯಾರೂ ಚೆಲ್ಲಲು ಧೈರ್ಯ ಮಾಡದ ವಸ್ತು ಯಾವುದು ಎಂದು ಯೋಚಿಸಿದೆ. ಹೆಪ್ಪು! ಕೆಲಸವೂ ಒಂದೇ ತಾನೇ, ಒಂದು ಚಮಚದಿಂದ ಒಂದು ಪಾತ್ರೆ ಎಬ್ಬಿಸುವುದು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಬರೆದು ಅಂಟಿಸಿದೆ.

ಬಾರ್ಲಿಗೆ ಒಂದು ಪಾಲು ಮೊಳಕೆ ಕಟ್ಟಿ ಒಣಗಿಸಿದ ರಾಗಿ ಸೇರಿಸಿ, ಬಿಸಿನೀರಲ್ಲಿ ನೆನೆಸಿ, ಸೋಸಿ, ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಕುದಿಸಿ, ಆರಿಸಿ, ‘ಹೆಪ್ಪು’ ಹಾಕಿದೆ. ಮೂರು ವಾರ ಸ್ಟೋರ್ ರೂಮಿನ ಕ್ಯಾನು ತನ್ನಷ್ಟಕ್ಕೆ ಮಾತಾಡುತ್ತಿತ್ತು. ಆಮೇಲೆ ಬಾಟಲಿಗೆ ತುಂಬಿ ಇನ್ನೆರಡು ವಾರ. ತೀರ್ಪಿಗೆಂದು ಒಂದು ಮಾರ್ಕ್ಸ್ ಶೀಟ್ ಗೀಚಿದೆ: ಬಣ್ಣ, ನೊರೆ, ವಾಸನೆ, ರುಚಿ. ಮೊದಲ ಬಾಟಲಿಗೆ ನಮ್ಮವರು ಬಣ್ಣಕ್ಕೆ ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಕೊಟ್ಟು, ಮಿಕ್ಕ ಮೂರಕ್ಕೂ ‘ಪಾಸು’ ಎಂದು ಬರೆದರು. ನಾನು ಕೊಟ್ಟದ್ದು ಇನ್ನೂ ಕಡಿಮೆ. ಕೊನೆಯಲ್ಲಿ ಜಟಕಾ ಕುದುರೆಯ ಮೈವಾಸನೆಯಂಥದ್ದು ಒಂದು ಎಳೆ ಬರುತ್ತಿತ್ತು. ಈ ಜಾತಿಗೆ ಅದು ದೋಷವಲ್ಲ, ಗುಣ ಎಂದು ತಿಳಿದವರು ಬರೆದಿದ್ದಾರೆ. ಹುಟ್ಟಿದ್ದು ನಮ್ಮ ಮನೆಯಲ್ಲಿ ಎಂದು ಎಷ್ಟು ಮಾರ್ಕ್ಸು ಕೊಡಬೇಕು, ಕುದುರೆಗೆ ಎಷ್ಟು ಕಳೆಯಬೇಕು ಎನ್ನುವುದು ತಿಳಿಯಲಿಲ್ಲ. ಇನ್ನೊಂದು ನಾಲಿಗೆ ಬೇಕು ಎನಿಸಿತು. ನನಗೆ ಗೊತ್ತಿದ್ದ ಕಟ್ಟುನಿಟ್ಟಿನ ನಾಲಿಗೆ ಒಂದೇ.

ಆ ವಾರವೇ ಅದು ನಡೆಯಿತು. ನಾನು ಬ್ಯಾಂಕಿಗೆ ಹೋಗಿದ್ದಾಗ ಅಕ್ಕ ಬಂದಿದ್ದಾಳೆ. ಮೊಮ್ಮಗನ ಶಾಲೆ ಬಿಡುವ ಹೊತ್ತಾಗುತ್ತದೆಂದು ಕೂರಲಿಲ್ಲವಂತೆ. ಮಂಡಿನೋವು, ಒಳಗೆ ಬರಲಾರದೆ, “ಮೇಷ್ಟ್ರೇ, ನೀವೇ ಒಂದ್ ಚಮಚ ಹೆಪ್ಪು ಹಾಕ್ಬಿಡಿ” ಎಂದು ಡಬ್ಬಿ ಕೊಟ್ಟಳಂತೆ. ನಮ್ಮವರು ಫ್ರಿಜ್ಜು ತೆರೆದರು, ಚೀಟಿ ಓದಿದರು. ನಲವತ್ತು ವರ್ಷದಲ್ಲಿ ಮೊದಲ ಸಲ ನನ್ನ ಅಕ್ಷರವನ್ನು ಗಮನವಿಟ್ಟು ಓದಿ ಹೇಳಿದ್ದನ್ನು ಮಾಡಿದರು. ಮುಟ್ಟಬೇಡಿ ಎನ್ನುವುದು ನೆಂಟರಿಗಲ್ಲ ಎಂದುಕೊಂಡರಂತೆ.

ಮಾರನೇ ಬೆಳಿಗ್ಗೆ ಅಕ್ಕನ ಫೋನು. ದನಿ ಅಳುತ್ತಿತ್ತು. “ಸರೂ, ಹಾಲು ಹಾಲಾಗೇ ಕೂತೈತೆ ಕಣೇ, ಮೇಲೆ ಬರೀ ನೊರೆ. ಹೆಂಡದ ವಾಸ್ನೆ. ನಂದಿದ್ದ ಮೊಸರೂ ನಿನ್ನೆ ಖಾಲಿ ಮಾಡ್ಬಿಟ್ಟೆ. ಅಮ್ಮನ ಹೆಪ್ಪು ನನ್ನ ಕೈಯಾಗೇ ಸತ್ತೋಯ್ತಲ್ಲೇ.”

ಬಾಟಲಿ ಬದಲಾಗಿದೆ, ಅದು ಬೇರೆಯದು ಎಂದಷ್ಟೇ ಹೇಳಿದೆ. ಅದು ನಿಜವೂ ಹೌದು. ಅಕ್ಕ ಉಸಿರು ಬಿಟ್ಟು, “ಸದ್ಯ, ಅಮ್ಮಂದು ನಿನ್ ಹತ್ರ ಐತಲ್ಲ! ಭಾನುವಾರ ಬರ್ತೀನಿ” ಎಂದಳು. ಮಾಡದ ತಪ್ಪಿಗೆ ಅವಳು ಅತ್ತಿದ್ದಳು. ಆ ಅಂಬಲಿ ಗಡಿಗೆಯ ದಿನವೂ ಹೀಗೆಯೇ ಆಗಿತ್ತು, ಚೆಲ್ಲಿದ್ದು ನಾನು, ಬೈಸಿಕೊಂಡದ್ದು ಅವಳು. ಎರಡನೇ ಸಲವೂ ಅವಳ ಹೆಗಲಿಗೆ ದಾಟಿಸಿ ಕೂತರೆ ನಾನು ಮನುಷ್ಯಳೇ ಅಲ್ಲ ಎನಿಸಿತು. ಭಾನುವಾರದವರೆಗೂ ಅನ್ನ ರುಚಿಸಲಿಲ್ಲ.

ಭಾನುವಾರ ಹನ್ನೊಂದಕ್ಕೆ ಅಕ್ಕ ಬಂದಳು. ನಮ್ಮವರು ತಮ್ಮ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಮೂರು ಗಾಜಿನ ಲೋಟಕ್ಕೆ ಸೇಸಾನ್ ಬಗ್ಗಿಸಿ, ಮಾರ್ಕ್ಸ್ ಶೀಟ್ ಹಿಡಿದು ತಯಾರಾಗಿದ್ದರು. ನಮ್ಮಪ್ಪ ಸುಗ್ಗಿ ಮುಗಿದ ಮೇಲೆ ಹೆಂಡ ಕುಡಿಯುತ್ತಿದ್ದವರೇ ಆದ್ದರಿಂದ ಅಕ್ಕ ಮೂಗು ಮುರಿಯಲಿಲ್ಲ. “ಇದೇನೇ ಮಾರಾಯ್ತಿ, ಈ ವಯಸ್ಸಲ್ಲಿ?” ಎಂದು ನಕ್ಕು ಲೋಟದ ಕಡೆ ಕೈ ಚಾಚಿದಳು.

“ಅಕ್ಕ, ಕುಡಿಯೋಕ್ ಮೊದ್ಲು ಒಂದ್ ಮಾತು” ಎಂದೆ. ಎಲ್ಲವನ್ನೂ ಹೇಳಿದೆ. ಸ್ವಿಚ್ಚು, ಬೂಸ್ಟು, ಪಕ್ಕದ ಮನೆಯ ದೀಪ, ಪ್ಯಾಕೆಟ್ಟು. ಅವಳ ಮುಖ ನೋಡಲಾಗದೆ ಲೋಟದ ನೊರೆ ಇಳಿಯುವುದನ್ನೇ ನೋಡುತ್ತಿದ್ದೆ.

ಅಕ್ಕ ಚಾಚಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಕೇಳಿದಳು. “ಯಾತ್ರೆಯಿಂದ ಬಂದ್ ಮಾರನೇ ದಿನ ನನ್ ಡಬ್ಬಿಗೆ ಹಾಕಿದ್ದೂ ಅದೇನಾ?”

“ಹೂಂ.”

“ಅವತ್ತು ಮನೇಲಿ ಅಮ್ಮಂದು ಅರ್ಧ ಗಡಿಗೆ ಇತ್ತು ಕಣೇ. ಚೆನ್ನಾಗೇ ಇತ್ತು. ನಿಂದು ಬಂತಲ್ಲ ಅಂತ ಕರಿಬೇವಿನ ಗಿಡಕ್ಕೆ ಸುರಿದೆ.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒಂದ್ ಮಾತು ಹೇಳ್ಬೋದಿತ್ತಲ್ಲೇ ಸರೂ. ನಾನೇನು ನಿನ್ನ ಹೊಡೀತಿದ್ನಾ?”

ನನಗೂ ಅಳು ತಡೆಯಲಾಗಲಿಲ್ಲ. ಮೂವತ್ತು ವರ್ಷ ಎಷ್ಟೋ ಮಕ್ಕಳನ್ನು ‘ನಿಜ ಹೇಳು, ಹೊಡೆಯಲ್ಲ’ ಎಂದು ಕರೆದು ನಿಲ್ಲಿಸಿಕೊಂಡಿದ್ದೆ. ಆ ಮಕ್ಕಳಿಗೆ ಕಾಲು ಹೇಗೆ ನಡುಗುತ್ತಿತ್ತು ಎಂದು ನನಗೆ ಗೊತ್ತಾದದ್ದು ಆ ಭಾನುವಾರ.

ಅಕ್ಕ ಲೋಟ ಎತ್ತಿ ಮೂಗಿನ ಹತ್ತಿರ ಹಿಡಿದಳು. ಒಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡು ನುಂಗಿದಳು.

“ಇದಕ್ಕೇನ್ ಹಾಕಿದೀಯ?”

“ಬಾರ್ಲಿ, ರಾಗಿ. ಹೆಪ್ಪು ನೇರಳೆ ಹಣ್ಣಿಂದು. ಹೊಳಲೂರಲ್ಲಿ ನಮ್ ಗದ್ದೆ ಬದುವಿಂದು.”

“ನೀನು ಗಡಿಗೆ ಬೀಳಿಸಿದ್ಯಲ್ಲ, ಆ ಮರದ್ದಾ?”

“ಅದೇ.”

ಇನ್ನೊಂದು ಗುಟುಕು ಕುಡಿದಳು. ಕಿಟಕಿಯ ಕಡೆ ನೋಡುತ್ತಾ, “ಪರವಾಗಿಲ್ಲ” ಎಂದಳು.

ನಮ್ಮವರು ಪೆನ್ನು ತೆಗೆದು ಶೀಟಿನ ಮೇಲೆ ಪರವಾಗಿಲ್ಲ ಎಂದು ಬರೆದರು. ಬರೆದು, “ಇದನ್ನ ಯಾವುದರ ಕೆಳಗೆ ಹಾಕ್ಲಿ? ವಾಸನೆಗಾ, ರುಚಿಗಾ?” ಎಂದು ನನ್ನನ್ನು ಕೇಳಿದರು. ಅಕ್ಕ ಆ ಮಾತನ್ನು ಲೋಟಕ್ಕೆ ಹೇಳಿದಳೋ ನನಗೆ ಹೇಳಿದಳೋ ಇವತ್ತಿಗೂ ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳುವ ಮನಸ್ಸೂ ಇಲ್ಲ.

ಊಟವಾಯಿತು. ಸಾರಿಗೆ ಅವಳು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಂಜೆಯ ಬಸ್ಸಿಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡವಳು ವೈರ್ ಬುಟ್ಟಿಯಿಂದ ಎಂದಿನಂತೆ ಸ್ಟೀಲ್ ಡಬ್ಬಿ ತೆಗೆದು ಮುಂದೆ ಹಿಡಿದಳು.

“ಹೆಪ್ಪು ಹಾಕು.”

“ಅಕ್ಕ, ಅದು ಪ್ಯಾಕೆಟ್ಟಿಂದು ಅಂತ ಹೇಳಿದ್ನಲ್ಲ. ನಿಮ್ಮನೆ ಎದುರು ಅಂಗಡೀಲೂ ಅದೇ ಸಿಗತ್ತೆ.”

“ಗೊತ್ತು” ಎಂದಳು ಅಕ್ಕ. “ಹಾಕೇ. ಇಲ್ದಿದ್ರೆ ಮುಂದಿನ ತಿಂಗಳು ಏನಂತ ಹೇಳಿ ಬರ್ಲಿ?”